ಒಣಗಿದ ಗಂಗಮ್ಮನ ಕಲ್ಲು

ನಲ್ಲಿಯ ಕೆಳಗೆ ಕೊಡವಿಟ್ಟು ಸುಮ್ಮನೆ ಕೂತ ಹೆಂಗಸನ್ನು ಮಧುಗಿರಿಯ ಆ ಬೀದಿ ಕಂಡಿರಲಿಲ್ಲ. ಹನುಮಕ್ಕ ಮಡಿಲಲ್ಲಿ ಹುಣಸೆಹಣ್ಣು ಕಟ್ಟಿಕೊಂಡು ಬಂದು, ಕೊಡ ತುಂಬುವಷ್ಟರಲ್ಲಿ ಬೀಜ ಬಿಡಿಸುತ್ತಿದ್ದಳು. ನಲ್ಲಿ ಬಂದ ವರ್ಷ ಕೊಡಕ್ಕೆ ಒಂದು ಹಿಡಿ ಹಣ್ಣು. ಈ ಬೇಸಿಗೆ ಮೂರು ಹಿಡಿ ಮುಗಿದರೂ ಕೊಡದ ಕತ್ತಿಗೆ ನೀರು ಬರುತ್ತಿರಲಿಲ್ಲ. ಮನೆಯಲ್ಲಿ ಐವರು ಗಂಡಸರ ಸ್ನಾನ. ಹಂಡೆ ತುಂಬುವುದು ಹೇಗೆಂದು ಕೇಳಿದವರಿಲ್ಲ.

ನೀರಿನ ಮೇಸ್ತ್ರಿ ನಂದೀಶ್ವರಯ್ಯ ಬಂದು, "ತೊಳ್ದು ತೊಳ್ದು ಪೋಲು ಮಾಡ್ತೀರ. ಸೋಮವಾರ ಈ ನಲ್ಲಿ ಕಿತ್ತಾಕ್ಬುಡ್ತೀನಿ," ಎಂದ.

"ಕೀಳಿ ಸ್ವಾಮಿ. ಆಮೇಲೆ ಬಾವಿಯಿಂದ ನೀವೇ ಹೊತ್ಕಂಬನ್ನಿ," ಎಂದಳು ಪಕ್ಕದ ಮನೆಯ ಜಯಕ್ಕ.

ಹನುಮಕ್ಕ ನಗಲಿಲ್ಲ. ಬಾವಿ ಊರಾಚೆ, ಎಪ್ಪತ್ತು ಮೆಟ್ಟಿಲು. ಅವಳಿಗೆ ಏಳು ತಿಂಗಳು ತುಂಬಿತ್ತು, ದಿನಕ್ಕೆ ಹನ್ನೆರಡು ಕೊಡ.

ಎರಡು ಊರಿನ ನೀರಿನ ಕಚೇರಿಗಳು ಆ ವರ್ಷ ಕೈಜೋಡಿಸಿದ್ದವು: ಸಿರಾದ ಫಿಟ್ಟರು ಇಲ್ಲಿ ಸೋರಿಕೆ ಹುಡುಕುವುದು, ಇಲ್ಲಿಯ ಆಳುಗಳು ಅಲ್ಲಿ ಅಗೆಯುವುದು. ಹಾಗೆ ಬಂದಿದ್ದ ಪೀರ್ ಸಾಬರು ನೆಲಕ್ಕೆ ಸಲಾಕೆಯೂರಿ ಕಿವಿಯಿಟ್ಟು ಬೀದಿಯುದ್ದಕ್ಕೂ ಕೇಳಿದರು, ಏನೂ ಸಿಗಲಿಲ್ಲ. ಬೇವಿನ ಬುಡದ ಗಂಗಮ್ಮನ ಕಲ್ಲಿನ ಬಳಿ ಮಾತ್ರ ಹೆಂಗಸರು ಸಲಾಕೆ ಊರಗೊಡಲಿಲ್ಲ. ಬಿರುಬೇಸಿಗೆಯಲ್ಲೂ ಒಸರುವ ಕಲ್ಲು. ಹೋದ ವರ್ಷ ಅದು ಒಸರತೊಡಗಿದಾಗ ಮೊದಲ ಅರಿಸಿನ ಕುಂಕುಮ ಇಟ್ಟವಳು ಹನುಮಕ್ಕನೇ.

ಭಾನುವಾರ ನಲ್ಲಿ ನಿಂತಾಗ ಮಡಿಲಲ್ಲಿ ಹಣ್ಣು ಉಳಿದಿತ್ತು. ಕಲ್ಲಿನ ಬಳಿ ಕೂತು ಬಿಡಿಸತೊಡಗಿದಳು. ಹಣ್ಣು ಮುಗಿಯುವ ಮೊದಲೇ ಒಸರು ನಿಂತಿತು. ಸಂಜೆ ನಲ್ಲಿ ಬಿಟ್ಟಾಗ ಮತ್ತೆ ಒಸರಿತು. ಗಂಗಮ್ಮ ಮೇಸ್ತ್ರಿಯ ಗಡಿಯಾರ ನೋಡಿಕೊಂಡು ಬರುವವಳಲ್ಲ. ಇಡೀ ಬೀದಿಯಿಂದ ಅದಕ್ಕೆ ಕೈಮುಗಿಸಿದವಳು ಈಗ ಏನು ಹೇಳಬೇಕು?

ಸೋಮವಾರ ನಂದೀಶ್ವರಯ್ಯ ನಲ್ಲಿ ಕೀಳಲು ಪಾನಾ ಹಿಡಿದು, ಪೀರ್ ಸಾಬರನ್ನೂ ಕರೆದುಕೊಂಡು ಬಂದ.

"ಸಾಬ್ರೇ, ಕಲ್ಲಿನ ಬುಡ ಅಗೀರಿ," ಎಂದಳು ಹನುಮಕ್ಕ.

"ದೇವ್ರು ಕಣೇ ಅದು. ನೀನೇ ಅಲ್ವ ಕುಂಕುಮ ಇಟ್ಟೋಳು?" ಜಯಕ್ಕ ಅಡ್ಡ ನಿಂತಳು.

"ಊಂ ಕಣಕ್ಕ. ಇಟ್ಟೋಳೂ ನಾನೇ, ಒರೆಸೋಳೂ ನಾನೇ." ಸೆರಗಿನಿಂದ ಕುಂಕುಮ ಒರೆಸಿದಳು.

ಎರಡು ಮೊಳದ ಆಳದಲ್ಲಿ ಪೈಪಿನ ಸೀಸದ ಬೆಸುಗೆ ಬಾಯಿಬಿಟ್ಟಿತ್ತು. "ಶಾಬಾಶ್ ಬೇಟಿ," ಎಂದರು ಪೀರ್ ಸಾಬರು. ನಂದೀಶ್ವರಯ್ಯ ಪಾನಾವನ್ನು ಚೀಲಕ್ಕೆ ಹಾಕಿಕೊಂಡ.

ಮರುದಿನದಿಂದ ಒಂದು ಹಿಡಿ ಹಣ್ಣಿಗೇ ಕೊಡ ತುಂಬತೊಡಗಿತು. ಹನುಮಕ್ಕ ಅದನ್ನು ಅತ್ತೆಗೆ ಹೇಳಲಿಲ್ಲ. ಹೇಳಿದ್ದರೆ ಉಳಿದ ಹೊತ್ತಿಗೆ ಇನ್ನೊಂದು ಮೊರ ಹಣ್ಣು ಬರುತ್ತಿತ್ತು. ತುಂಬಿದ ಕೊಡ ಪಕ್ಕಕ್ಕಿಟ್ಟು, ಒಣಗಿದ ಕಲ್ಲಿಗೆ ಬೆನ್ನು ಕೊಟ್ಟು, ಬರಿಗೈಯಲ್ಲಿ ಸ್ವಲ್ಪ ಹೊತ್ತು ಕೂತಳು.