ಲ್ಯಾಪ್‌ಟಾಪ್ ಕೋಣೆಯ ಧರ್ಮಣ್ಣ ಮತ್ತು ಯಂಕವ್ವನ ಮೂರನೆಯ ಸಾಲು

ಗುರುವಾರ ಬಂತೆಂದರೆ ಧರ್ಮಣ್ಣ ಕೋಳಿಗಿಂತ ಮುಂಚೆ ಏಳುತ್ತಾರೆ. ಪುಣೆಯಲ್ಲಿ ಅದು ಕರೆಂಟು ತೆಗೆಯುವ ವಾರ. ಬೆಳಿಗ್ಗೆ ಹೋಯಿತೆಂದರೆ ಇಳಿಹೊತ್ತಿನ ತನಕ ಅದರ ಸುಳಿವಿಲ್ಲ. ಕೊಂಢವಾ ಬಡಾವಣೆಯ ಗುಡ್ಡದ ಓರೆಯಲ್ಲಿರುವ ಖಾಸಗಿ ವಿಶ್ವವಿದ್ಯಾಲಯದ ಲ್ಯಾಪ್‌ಟಾಪ್ ಕೋಣೆಯ ಬೀಗ ತೆಗೆದು, ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು, ಕಪಾಟಿನ ತುಂಬ ಮಲಗಿರುವ ಕರಿಯ ಯಂತ್ರಗಳಿಗೆ ಒಂದೊಂದಾಗಿ ವೈರು ಸಿಕ್ಕಿಸುತ್ತ ಹೋಗುತ್ತಾರೆ. ಪುಟ್ಟ ದೀಪಗಳು ಹತ್ತಿಕೊಳ್ಳುತ್ತವೆ. "ಈಗ ಇವುಕ್ಕ ಹೊಟ್ಟಿ ತುಂಬಿಸಿಬಿಟ್ರ ಹುಡುಗ್ರು ಬರೂತನಕ ಗಟ್ಟಿ ಇರ್ತಾವ್ರಿ" ಎನ್ನುತ್ತಾರೆ, ಕೊಟ್ಟಿಗೆಯ ದನಗಳ ಬಗ್ಗೆ ಮಾತಾಡುವವರ ಹಾಗೆ.

ಆಮೇಲೆ ಒರೆಸುವ ಕೆಲಸ. ಅದಕ್ಕೊಂದು ಹಳೆಯ ಸೀರೆಯ ತುಂಡು, ಕೀಲಿಗಳ ಸಂದಿಗೆ ಬಣ್ಣ ಬಳಿಯುವವರ ಸಣ್ಣ ಬ್ರಶ್ಶು. ಬ್ರಶ್ಶು ಆಡಿಸಿದರೆ ಅವಲಕ್ಕಿ ಚೂಡಾದ ಚೂರು, ಬಿಸ್ಕೀಟಿನ ಪುಡಿ, ಒಮ್ಮೊಮ್ಮೆ ಉದ್ದನೆಯ ಕೂದಲು ಉದುರುತ್ತವೆ. "ಓದೂದು ಎಷ್ಟೋ ಗೊತ್ತಿಲ್ರಿ, ಉಣ್ಣೂದಂತೂ ಇದರ ಮ್ಯಾಲೆನ" ಎಂದು ನಗುತ್ತಾರೆ. ಐವತ್ತು ದಾಟಿದ ಮುಖ, ಎರಡು ದಿನದ ಬಿಳಿ ಗಡ್ಡ, ಇಸ್ತ್ರಿ ಮಾಡಿದ ಖಾಕಿ ಅಂಗಿ. ಮಕ್ಕಳೆಲ್ಲ ಅವರನ್ನು ಕರೆಯುವುದು ಮಾಮಾ ಎಂದು.

ಇದು ೨೦೦೯ರ ಜೂನ್. ಇವತ್ತು ಹೊಸ ವಿದ್ಯಾರ್ಥಿಗಳಿಗೆ ಯಂತ್ರ ಹಂಚುವ ದಿನ. ಪ್ರವೇಶದ ಪುಸ್ತಿಕೆಯಲ್ಲಿ 'ಉಚಿತ ಲ್ಯಾಪ್‌ಟಾಪ್' ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರುವುದರಿಂದ ಮಕ್ಕಳ ಮುಖದಲ್ಲಿ ಹಬ್ಬ. ದಾನದ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಅನ್ನುತ್ತಾರೆ. ಆದರೆ ಇದು ದಾನವೇನಲ್ಲ. ವರ್ಷದ ಕೋರ್ಸು ಮುಗಿದ ಮೇಲೆ ಏಪ್ರಿಲ್‌ನಲ್ಲಿ ಹಿಂದಿರುಗಿಸಬೇಕು. ಹಾಗಾಗಿ ಧರ್ಮಣ್ಣ ಹಲ್ಲು ತೋರಿಸಿಯೇ ಎಮ್ಮೆ ಕೊಡುತ್ತಾರೆ. ಸಾಲಿನಲ್ಲಿ ಬಂದವರಿಗೆ ಮರಾಠಿಯಲ್ಲಿ, ನಮ್ಮ ಕಡೆಯ ಹುಡುಗರು ಸಿಕ್ಕರೆ ಕನ್ನಡದಲ್ಲಿ ಅದೇ ಪಾಠ.

"ಇದು ಭಾಳ ವಜ್ಜಿ ಅದ, ಒಂದ ಹೆಗಲಿಗೆ ಹಾಕ್ಕೋಬ್ಯಾಡ್ರಿ. ಬ್ಯಾಟ್ರಿ ಹಳೇದು, ವೈರು ಜೋಡಿ ಒಯ್ರಿ. ನಿಮಗ ಬೇಕಾದ ಆಟ ಇದರಾಗ ಹಾಕಾಕ ಬರೂದಿಲ್ಲ, ಕೀಲಿ ಹಾಕ್ಯಾರ. ಬಿಸಿ ಆಗ್ತದ, ಹಾಸಿಗಿ ಮ್ಯಾಲ ಇಡಬ್ಯಾಡ್ರಿ." ಇಷ್ಟು ಹೇಳಿ ತಡೆದು, ಯಂತ್ರದ ಮುಚ್ಚಳದ ಮೇಲೆ ಅಂಗೈ ಇಟ್ಟು, ಕಡೆಯ ಮಾತು ಹೇಳುತ್ತಾರೆ: "ತಿರುಗಿ ಕೊಟ್ಟ ದಿನ ಇದರಾಗ ಇದ್ದದ್ದೆಲ್ಲಾ ಅಳಿಸಿಬಿಡ್ತಾರ. ಫೋಟೋ ಇರ್ಲಿ, ಯಾರದರ ದನಿ ಇರ್ಲಿ, ಮದಲ ತಕ್ಕೊಂಡು ಬ್ಯಾರೆ ಕಡೆ ಇಟ್ಕೊಳ್ರಿ. ಎರಡ ಕಡೆ ಇಟ್ಕೊಳ್ರಿ."

ಹೀಗೆ ಹೇಳಬೇಕೆಂದು ಯಾರೂ ಅವರಿಗೆ ಅಪ್ಪಣೆ ಕೊಟ್ಟಿಲ್ಲ. ಅವರ ಕೆಲಸ ಒರೆಸುವುದು, ಚಾರ್ಜು ಮಾಡುವುದು, ಹೊತ್ತು ತರುವುದು. ಕಡೆಯ ಮಾತು ಹುಟ್ಟಿದ್ದು ಹೆಂಡತಿ ಯಂಕವ್ವ ಹಾಡಿದ ಪದವೊಂದು ಕೈತಪ್ಪಿ ಹೋದ ಮೇಲೆ. ಆ ಪದ ಇನ್ನೊಮ್ಮೆ ಕೇಳಬೇಕೆಂಬ ಆಸೆಯೊಂದೇ ಧರ್ಮಣ್ಣನಿಗೆ ಉಳಿದಿರುವುದು.

ಶಹಾಪುರ ತಾಲ್ಲೂಕಿನಿಂದ ತೊಂಬತ್ತರ ದಶಕದ ಆರಂಭದಲ್ಲಿ ಗಂಡ ಹೆಂಡತಿ ಲಾರಿ ಹತ್ತಿ ಬಂದರು. ಜೊತೆಯವರು ಪಾತ್ರೆ, ಟ್ರಂಕು ತಂದರೆ ಯಂಕವ್ವ ತಂದಿದ್ದು ಬೀಸುಕಲ್ಲು. "ಮಂದಿ ಬಂಗಾರ ಹೊತ್ಕೊಂಡ್ ಬರ್ತಾರ, ನೀ ಕಲ್ಲ ತಂದೀಯಲ್ಲ ಅಂತ ಕಾಡಿದ್ದೆ ಆಕೀನ" ಎಂದು ಧರ್ಮಣ್ಣ ನೆನೆಯುತ್ತಾರೆ. ಪುಣೆಯ ಕಾತ್ರಜದಲ್ಲಿ ಮೊದಲ ಗುಡಿಸಲು. ಧರ್ಮಣ್ಣ ಕಟ್ಟಡಗಳಿಗೆ ಇಟ್ಟಿಗೆ ಹೊತ್ತರು. ಇದೇ ವಿಶ್ವವಿದ್ಯಾಲಯದ ಪಾಯಕ್ಕೂ ಕಲ್ಲು ಹೊತ್ತರು. ಕಟ್ಟಡ ಮುಗಿದು ಮೇಸ್ತ್ರಿ ಹೊರಟಾಗ ಇವರು ಕಾವಲಿಗೆ ಉಳಿದರು, ಲ್ಯಾಪ್‌ಟಾಪ್ ಬಂದಾಗ ಈ ಕೋಣೆಗೆ ಬಂದರು. ಯಂಕವ್ವ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸಲು ಹೋಗುತ್ತಿದ್ದರು. ನಸುಕಿನಲ್ಲಿ ಎದ್ದು ಜೋಳ ಬೀಸುವಾಗ ಹಾಡುತ್ತಿದ್ದರು. ಊರಿನ ಪದಗಳ ನಡುವೆ ತಾವೇ ಕಟ್ಟಿದ್ದೂ ಒಂದಿತ್ತು.

೨೦೦೬ರಲ್ಲಿ ಸಾಯಲಿ ಎಂಬ ಮರಾಠಿ ವಿದ್ಯಾರ್ಥಿನಿಗೆ ದುಡಿಯುವ ಹೆಂಗಸರ ದನಿ ಸಂಗ್ರಹಿಸುವ ಕೆಲಸ ಬಂತು. ಮಾಮಾನ ಮನೆಯನ್ನೇ ಹುಡುಕಿಕೊಂಡು ಬಂದಳು. ಜೋಳದ ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟಳು. ಮನೆಗೆ ಹೊಸ ವಸ್ತು ಬಂದರೆ ಬರಿಗೈಲಿ ಮುಟ್ಟುವುದುಂಟೆ? ಯಂಕವ್ವ ಮುಚ್ಚಳದ ಮೂಲೆಗೆ ಕುಂಕುಮ ಹಚ್ಚಿ, ಕೈಮುಗಿದು, ಬೀಸುತ್ತ ಹಾಡಿದರು:

ಊರ ಬಿಟ್ಟರ ಏನ, ನೀರ ಬಿಟ್ಟರ ಏನ
ಬೀಸಕಲ್ಲ ನನ ಕೂಡ ಬಂತ | ಹಡದವ್ವ

ತ್ರಿಪದಿಗೆ ಮೂರು ಸಾಲು. ಮೂರನೆಯದನ್ನು ಎತ್ತುವ ಮುನ್ನ ಆಕೆ ಸಣ್ಣಗೆ ಕೆಮ್ಮಿದರು, ಆಮೇಲೆ ಅದನ್ನೂ ಹಾಡಿ ಮುಗಿಸಿದರು. ಮತ್ತೊಮ್ಮೆ ಹಾಡುತ್ತೀರಾ ಎಂದು ಸಾಯಲಿ ಕೇಳಿದ್ದಕ್ಕೆ, "ಕೆಮ್ಮೂ ನಂದ ಅಲ್ಲೇನವ್ವ, ಇರ್ಲಿ ಬಿಡು" ಎಂದು ನಕ್ಕರಂತೆ. ಆ ಕೆಮ್ಮು ಧರ್ಮಣ್ಣನಿಗೆ ಇವತ್ತಿಗೂ ಕೇಳಿಸುತ್ತದೆ. ಅದರ ನಂತರದ ಸಾಲು ಮಾತ್ರ ಎಷ್ಟು ಜಗ್ಗಿದರೂ ಬರುವುದಿಲ್ಲ.

ಮುಂದಿನ ಏಪ್ರಿಲ್‌ನಲ್ಲಿ ಸಾಯಲಿಯ ಯಂತ್ರ ಕೋಣೆಗೆ ಮರಳಿತು. ಮೂಲೆಯಲ್ಲಿ ಕುಂಕುಮದ ಕಲೆ. "ನಾನ ಒದ್ದಿ ಅರಿವಿ ತಗೊಂಡು ಆ ಕುಂಕುಮ ಒರಸಿದೆ, ಅದು ನನ್ನ ಕೆಲಸರಿ. ಒಳಗಿಟ್ಟದ್ದು ಒಳಗ ಇರ್ತದ ಅಂತ ತಿಳದಿದ್ದೆ, ಪೆಟ್ಟಿಗಿ ಇದ್ದಂಗ. ನನ್ನ ಕೈಯಾರೆ ಒಯ್ದು ಅಳಸೋರ ಮೇಜಿನ ಮ್ಯಾಲ ಇಟ್ಟೆ." ಹೇಳುವಾಗ ಅವರು ಬ್ರಶ್ಶಿನ ಕೂದಲು ಸರಿಮಾಡುತ್ತಿರುತ್ತಾರೆ, ಕಣ್ಣೆತ್ತುವುದಿಲ್ಲ.

ಸಾಯಲಿ ಮರೆತವಳಲ್ಲ. ಹೋಗುವಾಗ ಒಂದು ಸಿ.ಡಿ. ಕೊಟ್ಟು, ಮಾವಶಿ, ನಿಮ್ಮ ಹಾಡು ಇದರಲ್ಲಿದೆ, ಜೋಪಾನ ಎಂದಿದ್ದಳು. ಯಂಕವ್ವ ಜೋಪಾನ ಮಾಡಿದ್ದು ತಮಗೆ ತಿಳಿದಂತೆ. ಅಷ್ಟು ಹೊಳೆಯುವ ವಸ್ತುವನ್ನು ಟ್ರಂಕಿನ ಕತ್ತಲಲ್ಲಿ ಮುಚ್ಚಿಡುವುದೇ? ನಡುವಿನ ತೂತಿಗೆ ದಾರ ಪೋಣಿಸಿ, ಚೆಂಡುಹೂವಿನ ತೋರಣದ ಪಕ್ಕದಲ್ಲಿ ಬಾಗಿಲಿಗೆ ಕಟ್ಟಿದರು. ಇಳಿಹೊತ್ತಿಗೆ ಗೋಡೆಯ ತುಂಬ ಬಣ್ಣದ ಬೆಳಕು ಓಡಾಡುತ್ತಿತ್ತು. ಓಣಿಯವರೆಲ್ಲ ಬಂದು ನೋಡಿ ಹೋದರು. ಗಾಳಿಗೆ ಅದು ಕದಕ್ಕೆ ಬಡಿಯುತ್ತಿದ್ದರೆ, ಯಂಕವ್ವನ ಪದ ಬಾಗಿಲು ಕಾಯುತ್ತಿದೆ ಎಂದು ಗಂಡ ತಮಾಷೆ ಮಾಡುತ್ತಿದ್ದರು.

ಆ ಚಳಿಗಾಲದಲ್ಲಿ ಕೆಮ್ಮು ಎದೆಗಿಳಿದು ಯಂಕವ್ವ ಹೋದರು. ಸಾವಿನ ದಿನಕರ್ಮ ಮುಗಿದ ಮೇಲೆ ಧರ್ಮಣ್ಣ ಸಿ.ಡಿ.ಯನ್ನು ಬಿಚ್ಚಿ, ಅಂಗಿಯೊಳಗೆ ಇಟ್ಟುಕೊಂಡು ಕಾತ್ರಜದ ಸೈಬರ್ ಕೆಫೆಗೆ ಒಯ್ದರು. ಅಂಗಡಿಯವನು ತಿರುಗಿಸಿ ನೋಡಿದ. ಒಂದು ಮಗ್ಗುಲಿಗೆ ಬೆಳ್ಳಿ ಬಣ್ಣ ಸುಲಿದಿತ್ತು, ಇನ್ನೊಂದು ಮಗ್ಗುಲೆಲ್ಲ ಗೀರು. ಕೋಣೆಯ ಮೇಲ್ವಿಚಾರಕ, ಧಾರವಾಡದ ಬಾಳಕೃಷ್ಣ ಅವರೂ ತಮ್ಮ ವಿದ್ಯೆಯನ್ನೆಲ್ಲ ಖರ್ಚು ಮಾಡಿ ಸೋತರು. ದಿಲ್ಲಿಯಲ್ಲಿ ಕೆಲಸಕ್ಕಿದ್ದ ಸಾಯಲಿಯನ್ನು ಫೋನಿನಲ್ಲಿ ಹಿಡಿದರೆ, ಆಕೆಯ ಬಳಿ ಇದ್ದದ್ದೂ ಆ ಲ್ಯಾಪ್‌ಟಾಪಿನಲ್ಲೇ ಉಳಿದು ಅಳಿಸಿಹೋಗಿತ್ತು. ಅವಳು ಅತ್ತಳು, ಧರ್ಮಣ್ಣನೇ ಸಮಾಧಾನ ಮಾಡಿದರು. "ಧರ್ಮಣ್ಣಗ ಎಲ್ಲಾ ಅಳಿಸಿ ಹೋಗ್ಯದ ಅಂತ ಹೇಳೂದು ಎಷ್ಟು ಕಷ್ಟ ಆತ್ರಿ" ಎನ್ನುತ್ತಾರೆ ಬಾಳಕೃಷ್ಣ. ಊರಿನ ಹೆಂಗಸರನ್ನೆಲ್ಲ ಕೇಳಿದ್ದಾಯಿತು. ಆಕೆ ತಾನೇ ಕಟ್ಟಿದ ಪದ, ಇನ್ನೊಬ್ಬರ ಬಾಯಲ್ಲಿ ಹೇಗಿದ್ದೀತು?

ಸಾಯಲಿಯ ಯಂತ್ರ ಇನ್ನೂ ಕೋಣೆಯಲ್ಲಿದೆ. ಮುಚ್ಚಳದ ಮೂಲೆಯ ಸೀಳಿನಲ್ಲಿ ಕುಂಕುಮದ ಎಳೆಯೊಂದು ಹೋಗದೆ ಕೂತಿದೆ. ಆಮೇಲೆ ಧರ್ಮಣ್ಣ ಅದನ್ನು ಉಜ್ಜಲಿಲ್ಲ. ಪ್ರತಿ ಜೂನ್‌ನಲ್ಲಿ ಆ ಯಂತ್ರವನ್ನು ಬದಿಗಿಟ್ಟು ಕನ್ನಡ ಬಲ್ಲ ಮಗುವಿಗೇ ಕೊಡುತ್ತಾರೆ. ಅದರಿಂದ ಏನೂ ಆಗುವುದಿಲ್ಲವೆಂದು ಅವರಿಗೂ ಗೊತ್ತು. ಆದರೂ ಒಳಗೆ ಕನ್ನಡ ಓಡಾಡುತ್ತಿರಲಿ ಎಂಬ ಆಸೆ.

ಈ ಸಲ ಅದು ಬೀದರ ಕಡೆಯ ಶಿವಕಾಂತಾಳ ಪಾಲು. ಪಾಠವೆಲ್ಲ ಕೇಳಿಸಿಕೊಂಡ ಹುಡುಗಿ, ಎರಡು ಕಡೆ ಇಟ್ಟುಕೊಳ್ಳಿ ಎನ್ನುವಾಗ ಮಾಮಾನ ದನಿ ಯಾಕೆ ಇಳಿಯಿತೆಂದು ಕೇಳುತ್ತಾಳೆ. ಮಕ್ಕಳ ಸಾಲು ಕರಗಿದ ಮೇಲೆ ಧರ್ಮಣ್ಣ ಹೇಳುತ್ತಾರೆ. ಅವಳು ಯಂತ್ರ ತೆರೆದು, ದನಿ ಹಿಡಿಯುವ ಗುಂಡಿ ಒತ್ತಿ, ಮೇಜಿನ ಮೇಲೆ ಅವರ ಕಡೆಗೆ ತಿರುಗಿಸಿ ಇಡುತ್ತಾಳೆ. "ನೆನಪಿದ್ದಷ್ಟು ಹಾಡ್ರಿ ಮಾಮಾ."

ಧರ್ಮಣ್ಣ ಸೀರೆಯ ತುಂಡಿನಿಂದ ಬಾಯಿ ಒರೆಸಿಕೊಳ್ಳುತ್ತಾರೆ. ಗಂಡಸಿನ ಒಡಕು ದನಿಯಲ್ಲಿ ಎರಡು ಸಾಲು ಬರುತ್ತವೆ. ಹಡದವ್ವ ಎಂದಲ್ಲಿ ನಿಲ್ಲುತ್ತದೆ. ಹುಡುಗಿ ಕಾಯುತ್ತಾಳೆ. ಧರ್ಮಣ್ಣ, ಅಲ್ಲಿ ಯಂಕವ್ವ ಕೆಮ್ಮಿದ ಹಾಗೆಯೇ, ಸಣ್ಣಗೆ ಒಮ್ಮೆ ಕೆಮ್ಮುತ್ತಾರೆ. ಆಮೇಲೆ ಏನೂ ಇಲ್ಲ.

ಅಷ್ಟರಲ್ಲಿ, ಈ ಗುರುವಾರ ತುಸು ತಡವಾಗಿ, ಕರೆಂಟು ಹೋಗುತ್ತದೆ. ಕೋಣೆಯ ಪುಟ್ಟ ದೀಪಗಳೆಲ್ಲ ಆರುತ್ತವೆ. ಬೆಳಿಗ್ಗೆ ಹೊಟ್ಟೆ ತುಂಬಿಸಿಕೊಂಡಿದ್ದ ಯಂತ್ರ ಮಾತ್ರ ಬೆಳಗುತ್ತಲೇ ಇದೆ.

"ಇಷ್ಟು ಸಾಕವ್ವ" ಎನ್ನುತ್ತಾರೆ ಧರ್ಮಣ್ಣ, ಕುಂಕುಮದ ಮೂಲೆಯನ್ನು ಹೆಬ್ಬೆರಳಿನಿಂದ ಸವರುತ್ತ. "ಏಪ್ರಿಲ್‌ದಾಗ ತಿರುಗಿ ಕೊಡೂ ಮದಲ ಇದನ್ನ ತಕ್ಕೊಂಡು ಇಟ್ಕೋ. ಇನ್ನೊಮ್ಮೆ ನನ್ನ ಕೈಯಾರೆ ಒಯ್ದು ಆ ಮೇಜಿನ ಮ್ಯಾಲ ಇಡಾಕ ನನಗಾಗೂದಿಲ್ಲ."