ಅತ್ತೆ ದೋಣಿ ಕಟ್ಟಿದ ದಿನ

ಹಗರಿಬೊಮ್ಮನಹಳ್ಳಿಯಲ್ಲಿ ನನ್ನದೊಂದು ತಾಡಪತ್ರಿ ಹೊಲಿಯುವ ಅಂಗಡಿ ಇದೆ. ಲಾರಿಗಳ ಹೊದಿಕೆ, ಚಪ್ಪರದ ಬಟ್ಟೆ, ಮೆಕ್ಕೆಜೋಳದ ರಾಶಿ ಮುಚ್ಚುವ ಹಾಳೆ, ಇವೇ ನನ್ನ ಕೆಲಸ. ದೋಣಿಯ ಹಾಯಿ ಹೊಲಿದದ್ದು ಒಬ್ಬರಿಗಷ್ಟೇ, ಹಂಪಸಾಗರದ ನನ್ನ ಸೋದರಮಾವನಿಗೆ.

ಮಾವ ಇಪ್ಪತ್ತು ವರ್ಷ ಮಲ್ಪೆಯ ಮೀನಿನ ಬೋಟುಗಳಲ್ಲಿ ದುಡಿದವನು. ಮಳೆಗಾಲದಲ್ಲಿ ಬೋಟುಗಳು ದಡಕ್ಕೆ ಬಂದು ನಿಂತಾಗ ಮಾತ್ರ ಊರಿಗೆ ಬಂದು ಹೋಗುತ್ತಿದ್ದ. ಮೊಣಕಾಲು ಸೋತ ಮೇಲೆ ಪೂರ್ತಿ ಬಂದುಬಿಟ್ಟ. ಬಂದವನು ಊರ ಪಕ್ಕದ ಅಣೆಕಟ್ಟೆಯ ಹಿನ್ನೀರಿನಲ್ಲಿ ಮೀನು ಹಿಡಿಯಲು ಹಳೆಯದೊಂದು ಮರದ ದೋಣಿ ಕೊಂಡು, ಅದಕ್ಕೆ ಕಂಬ ನಿಲ್ಲಿಸಿ ಹಾಯಿ ಕಟ್ಟಿದ. ಅಲ್ಲಿಯ ಮೀನುಗಾರರೆಲ್ಲ ಹರಿಗೋಲಿನವರು. "ಹೊಳ್ಯಾಗ ಸಮುದ್ರ ಮಾಡಾಕ ಹೊಂಟಾನ" ಎಂದು ನಕ್ಕರು. ಗಾಳಿ ಸರಿಯಾಗಿ ಬೀಸಿದ ದಿನ ಅವನು ಹುಟ್ಟು ಮುಟ್ಟದೆ ಆ ದಡದಿಂದ ಈ ದಡಕ್ಕೆ ಬಂದದ್ದನ್ನು ನೋಡಿದ ಮೇಲೆ ಆ ನಗು ಕಡಿಮೆಯಾಯಿತು.

ನಗಲೂ ಬಾರದೆ, ಬೈಯಲೂ ಬಾರದೆ ದೂರ ಉಳಿದವಳು ಅತ್ತೆ. ಮನೆಯಿಂದ ದಡಕ್ಕೆ ಹತ್ತು ನಿಮಿಷದ ದಾರಿ. ಆ ದೋಣಿಯಲ್ಲಿ ಅವಳು ಒಮ್ಮೆಯೂ ಕೂತಿರಲಿಲ್ಲ. ಯಾಕೆಂದು ಕೇಳಿದರೆ, "ನನಗ ಎಮ್ಮಿ ಅದಾವು, ಅವನ್ನ ನೋಡ್ಕೊಂಡ್ರ ಸಾಕಾಗೇತಿ" ಎನ್ನುತ್ತಿದ್ದಳು.

ದೀಪಾವಳಿ ಕಳೆದು ಕೆಲವು ದಿನಗಳಾಗಿದ್ದವು. ಮಾವ ದಡದ ಪಾಚಿಗಲ್ಲಿನ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದ. ಅವನನ್ನು ನೋಡಿ ಬರೋಣ, ರಿಪೇರಿಗೆ ಬಂದಿದ್ದ ಹಾಯಿಯನ್ನೂ ಕೊಟ್ಟಂತಾಗುತ್ತದೆ ಎಂದು ಬೆಳಗಿನ ಬಸ್ಸು ಹತ್ತಿದೆ. ಬಂಗಾಳಕೊಲ್ಲಿಯಲ್ಲಿ ಚಂಡಮಾರುತ ಎದ್ದಿದೆ, ನಮ್ಮ ಕಡೆಗೂ ಗಾಳಿ ಮಳೆ ಬರಲಿದೆ ಎಂದು ಮೊಬೈಲಿಗೆ ಸಂದೇಶ ಬಂದಿತ್ತು. ಎಲ್ಲಿಯ ಕೊಲ್ಲಿ, ಎಲ್ಲಿಯ ನಾವು ಎಂದು ನಾನದನ್ನು ಅರ್ಧ ಓದಿ ಬಿಟ್ಟಿದ್ದೆ.

ಹಂಪಸಾಗರದಲ್ಲಿ ಇಳಿದಾಗ ಬಿಸಿಲಿರಲಿಲ್ಲ, ಮಳೆಯೂ ಇರಲಿಲ್ಲ. ಮಾವ ಕೊರಳಿಗೆ ಕೈ ನೇತುಹಾಕಿಕೊಂಡು ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ.

"ಬಡಗಣ ಗಾಳಿ ಎದ್ದೈತಿ ಮಗಳಾ. ದೋಣಿ ಅಲ್ಲೇ ಬಿಟ್ರ ಅಲಿ ಹೊಡದು ಬಂಡಿಗಲ್ಲಿಗೆ ಅಪ್ಪಳಸತೈತಿ. ಹಳ್ಳದ ಬಾಯಿಗೆ ಒಯ್ದು ಕಟ್ಟಬೇಕು, ಅಲ್ಲಿ ಅಲಿ ಕಡಿಮಿ."

"ಯಾರನ್ನರ ಕರೀಬಾರದೇನು ಮಾಮಾ?"

"ಎಲ್ಲಾರೂ ತಮ್ಮ ತಮ್ಮ ಹರಿಗೋಲು, ಮೀನಿನ ಬಲಿ ಹೊತ್ಗೊಂಡು ಹೊಂಟಾರ. ಮಧ್ಯಾಹ್ನದ ಮ್ಯಾಲೆ ಬರ್ತೀವಿ ಅಂದ್ರು. ಗಾಳಿ ಮಧ್ಯಾಹ್ನದ ತನಕ ಕಾಯಂಗಿಲ್ಲ."

ಅಂಗಡಿಯಲ್ಲಿ ದಿನವೂ ಹಗ್ಗ ಹಿಡಿಯುವವಳು ನಾನು. ಬಾ ಹೋಗೋಣ ಎಂದೆ. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರೆ, ಅತ್ತೆ ಬಾಗಿಲ ಚಿಲಕ ಹಾಕಿ, ಎರಡು ಗೋಣಿಚೀಲ ಬಗಲಲ್ಲಿಟ್ಟುಕೊಂಡು ನಮ್ಮ ಹಿಂದೆಯೇ ಬರುತ್ತಿದ್ದಳು.

ಹಿನ್ನೀರು ತುಂಬಿ ಬೂದಿ ಬಣ್ಣಕ್ಕೆ ತಿರುಗಿತ್ತು. ದೋಣಿ, ಕಟ್ಟಿಹಾಕಿದ ಕರುವಿನಂತೆ, ಎಳೆದಾಡುತ್ತಿತ್ತು. ಮೊದಲು ಕಂಬ ಇಳಿಸಲು ಮಾವ ಹೇಳಿದ. ಕಂಬ ನಿಂತಿದ್ದರೆ ಗಾಳಿ ಅದನ್ನೇ ಹಿಡಿದು ದೋಣಿಯನ್ನು ಮಗುಚುತ್ತದಂತೆ. ನಾನೂ ಅತ್ತೆಯೂ ಬುಡದ ಬೆಣೆ ಬಡಿದು ಕಿತ್ತು, ಕಂಬವನ್ನು ಹೆಗಲ ಮೇಲೆ ಹೊತ್ತು ದಡಕ್ಕೆ ಹಾಕಿದೆವು. ಆಮೇಲೆ ದೋಣಿಯನ್ನು ದಡದ ಗುಂಟ ಹಳ್ಳದ ಬಾಯಿಯವರೆಗೆ ಎಳೆದುಕೊಂಡು ಹೋಗಬೇಕಿತ್ತು. ನಾನು ದಡದ ಮೇಲಿಂದ ಹಗ್ಗ ಎಳೆಯುವುದು, ಇನ್ನೊಬ್ಬರು ನೀರಿಗಿಳಿದು ಅದನ್ನು ಕಲ್ಲಿಗೆ ತಾಗದಂತೆ ನೂಕುವುದು.

ಅತ್ತೆ ಸೀರೆಯನ್ನು ಕಚ್ಚೆ ಹಾಕಿ ನೀರಿಗಿಳಿದಳು. ಅವಳಿಗೆ ಈಜು ಬಾರದು.

"ಏ, ಸೊಂಟದ ಮ್ಯಾಲೆ ನೀರು ಬಂದ್ರ ಹೊಳ್ಳಿ ಬಾ ಲೇ!" ಮಾವ ಕೂಗಿದ.

"ನೀವು ಸುಮ್ನ ನಿಂದರ್ರಿ. ನಿಮ್ಮ ಕೈ ಒಂದು ಮುರದೈತಿ, ಇನ್ನೊಂದು ಮುರಕೋಬ್ಯಾಡ್ರಿ."

ನೀರು ಎದೆಯವರೆಗೆ ಬಂದರೂ ಅವಳು ಹೊಳ್ಳಲಿಲ್ಲ. ದೋಣಿಯ ಅಂಚಿಗೆ ಹೆಗಲು ಕೊಟ್ಟು ನೂಕುತ್ತಲೇ ಹೋದಳು. ಅಲೆ ಬಡಿದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದಳು, ಮತ್ತೆ ತೆರೆಯುತ್ತಿದ್ದಳು. ದಡದಲ್ಲಿ ಮಾವ ಅವಳಿಗೆ ಸರಿಯಾಗಿ ಹೆಜ್ಜೆ ಹಾಕುತ್ತಿದ್ದ. ಅವನ ಮುಖದಲ್ಲಿ ನಾನು ಅಂಥ ಹೆದರಿಕೆ ಹಿಂದೆಂದೂ ಕಂಡಿರಲಿಲ್ಲ.

ಹಳ್ಳದ ಬಾಯಿಯಲ್ಲಿ ಎರಡೂ ಕಡೆ ಕರಿಜಾಲಿ ಮರಗಳಿವೆ. ಹೇಗೆ ಕಟ್ಟಬೇಕೆಂದು ಮಾವ ಹೇಳುತ್ತಾ ಹೋದ: ದೋಣಿಯ ಮೂತಿಯ ಕಡೆಯಿಂದ ಎರಡು ಹಗ್ಗ ಎರಡು ಮರಕ್ಕೆ, ಹಿಂದಿನಿಂದ ಒಂದು ದಡದ ಬಂಡೆಗೆ. ನೀರು ಏರಿದರೆ ದೋಣಿಯೂ ಏರಬೇಕು, ಅಷ್ಟು ಸಡಿಲ ಬಿಡಬೇಕು. ಹಗ್ಗ ಅಂಚಿಗೆ ಉಜ್ಜುವಲ್ಲಿ ಗೋಣಿಚೀಲ ಸುತ್ತಬೇಕು. ಅತ್ತೆ ಚೀಲ ತಂದದ್ದು ಯಾಕೆಂದು ಆಗ ಗೊತ್ತಾಯಿತು. ಅದು ಅವಳಿಗೆ ಹೇಗೆ ತಿಳಿದಿತ್ತು ಎಂದು ಕೇಳಲು ಹೊತ್ತಿರಲಿಲ್ಲ.

ಹಿಂದಿನ ಹಗ್ಗವನ್ನು ನಾನು ಬಂಡೆಗೆ ಕಟ್ಟಿದೆ. ಮರಗಳಿಗೆ ಕಟ್ಟುವ ಎರಡು ಗಂಟುಗಳನ್ನು ಅತ್ತೆ ಹಾಕತೊಡಗಿದಳು. ಮಾವ ಎಡಗೈಯಿಂದ ಗಾಳಿಯಲ್ಲಿ ಗಂಟು ಬರೆದು ತೋರಿಸುತ್ತಿದ್ದ.

"ಹಂಗಲ್ಲ! ಮೊದಲು ಉರುಳು ಮಾಡು, ಅದರೊಳಗಿಂದ ತುದಿ ತಗಿ. ಅದೇನು ಗಂಟದು?"

"ಎಮ್ಮಿ ಗಂಟು."

"ದೋಣಿಗೆ ಎಮ್ಮಿ ಗಂಟು ಹಾಕ್ತಾರೇನ?"

"ನೀವಿಲ್ಲದಾಗ ಇಪ್ಪತ್ತು ವರ್ಷ ಎಮ್ಮಿ ಕಟ್ಟೀನಿ. ಒಂದರ ಬಿಚ್ಕೊಂಡು ಹೋಗಿದ್ರ ಹೇಳ್ರಿ."

ಮಾವ ಕೈ ಇಳಿಸಿದ. ಮಳೆಯ ಮೊದಲ ಹನಿಗಳು ಅಡ್ಡಡ್ಡ ಬಂದು ಮುಖಕ್ಕೆ ಬಡಿದವು. ನಾವು ದಾರಿಯಲ್ಲಿ ಕಂಬವನ್ನು ದಡದಿಂದ ಮೇಲಕ್ಕೆ ಸರಿಸಿ ಮನೆಯತ್ತ ಓಡಿದೆವು.

ಮಧ್ಯಾಹ್ನದ ಹೊತ್ತಿಗೆ ಕರೆಂಟು ಹೋಯಿತು. ತಗಡಿನ ಮೇಲೆ ಯಾರೋ ಜಲ್ಲಿ ಸುರಿಯುತ್ತಿರುವ ಸದ್ದು. ಅತ್ತೆ ಒಣಸೀರೆ ಉಟ್ಟು ಒಲೆಯ ಮುಂದೆ ಕೂತಳು, ಚಾ ಕಾಸಿ ಕೊಟ್ಟಳು. ಮಾವ ನಿಮಿಷಕ್ಕೊಮ್ಮೆ ಬಾಗಿಲು ಸರಿಸಿ ಹೊರಗೆ ನೋಡುತ್ತಿದ್ದ.

"ಕುಂದರ್ರಿ," ಅತ್ತೆ ಹೇಳಿದಳು. "ನೋಡಿದ್ರ ಗಾಳಿ ನಿಂದ್ರತೈತೇನು? ನಾನೂ ಹಿಂಗ ನೋಡೀನಿ."

"ನೀನು ಯಾವಾಗ ನೋಡೀದಿ?"

ಅತ್ತೆ ಒಲೆಯ ಬೂದಿ ಕೆದಕುತ್ತಾ ಹೇಳಿದಳು. ಸಮುದ್ರದಲ್ಲಿ ಬಿರುಗಾಳಿ ಎಂದು ಸುದ್ದಿ ಬಂದಾಗಲೆಲ್ಲ ಅವಳು ಟೀವಿ ಇದ್ದ ಪಕ್ಕದ ಮನೆಗೆ ಹೋಗಿ ಬಾಗಿಲಲ್ಲಿ ಕೂರುತ್ತಿದ್ದಳಂತೆ. ಬೋಟುಗಳನ್ನು ಕಟ್ಟುವುದನ್ನು ಅಲ್ಲಿ ತೋರಿಸುತ್ತಿದ್ದರು, ಹಗ್ಗಕ್ಕೆ ಚೀಲ ಸುತ್ತುವುದನ್ನು ಅಲ್ಲೇ ನೋಡಿದ್ದು. ಆ ಗುಂಪಿನಲ್ಲಿ ಮಾವ ಕಂಡಾನೇನೋ ಎಂದು ಹುಡುಕುತ್ತಿದ್ದಳು. ಅವನಿಂದ ಫೋನು ಬರುವ ತನಕ ಮನೆಯಲ್ಲಿ ರೊಟ್ಟಿ ಬಡಿಯುತ್ತಿರಲಿಲ್ಲ, ಚುರುಮುರಿ ತಿಂದು ನೀರು ಕುಡಿದು ಮಲಗುತ್ತಿದ್ದಳು. ಒಮ್ಮೆ ಹಾಗೆ ನಾಲ್ಕು ದಿನ ಕಳೆದಿದ್ದಳು.

ಮಾವ ಬಾಗಿಲು ಬಿಟ್ಟು ಬಂದು ಗೋಡೆಗೆ ಒರಗಿ ಕೂತ. "ಫೋನ್ ಮಾಡಿದಾಗ ಒಂದು ಮಾತೂ ಹೇಳಲಿಲ್ಲಲ್ಲ ನೀನು. ಎಮ್ಮಿ ಈದೈತಿ, ಮಳಿ ಆಗೇತಿ, ಅಷ್ಟ ಹೇಳ್ತಿದ್ದಿ."

"ಹೇಳಿದ್ರ ಬರ್ತಿದ್ರೇನು?"

"ಬರ್ತಿದ್ದಿಲ್ಲ" ಎಂದ ಮಾವ. ಮತ್ತೆ, "ಆ ನಾಲ್ಕು ದಿನ ನಾನೂ ಬದುಕಿ ಬರ್ತೀನಿ ಅಂದ್ಕೊಂಡಿದ್ದಿಲ್ಲ" ಎಂದ.

ಅತ್ತೆ ಅವನ ಕಡೆ ನೋಡಿದಳು. ಇದು ಅವಳಿಗೂ ಹೊಸ ಸುದ್ದಿ. ಇಬ್ಬರ ನಡುವೆ ನಾನು ಚಾದ ಲೋಟ ಹಿಡಿದು ಅಪರಿಚಿತಳಂತೆ ಕೂತಿದ್ದೆ. ಎದ್ದು ಹೋಗೋಣವೆಂದರೆ ಹೊರಗೆ ಮಳೆ.

ಮರುದಿನ ಬೆಳಿಗ್ಗೆ ಗಾಳಿ ತಗ್ಗಿತು. ಮೂವರೂ ಹೋದೆವು. ನಾನು ಬಂಡೆಗೆ ಕಟ್ಟಿದ ಗಂಟು ಜಾರಿಹೋಗಿತ್ತು. ದೋಣಿ ಹಿಂಭಾಗದಿಂದ ತಿರುಗಿ ದಡಕ್ಕೆ ಬಡಿದು, ಪಕ್ಕದ ಒಂದು ಹಲಗೆ ಸೀಳಿತ್ತು, ಒಳಗೆ ಮೊಣಕಾಲುದ್ದ ನೀರು. ಆದರೆ ಮರಕ್ಕೆ ಕಟ್ಟಿದ ಎರಡೂ ಹಗ್ಗಗಳು ಅದನ್ನು ಬಿಟ್ಟುಕೊಟ್ಟಿರಲಿಲ್ಲ. ನನಗೆ ನಾಚಿಕೆಯಾಗಿ, "ನನ್ನ ಗಂಟು ಮಾಮಾ, ತಪ್ಪಾತು" ಎಂದೆ. "ಹಲಗಿ ಹೋದ್ರ ಹಾಕಬಹುದು ಬಿಡು" ಎಂದ.

ಅತ್ತೆಯ ಗಂಟುಗಳು ನೆನೆದು ಕಲ್ಲಿನಂತೆ ಬಿಗಿದಿದ್ದವು. ಕುಡಗೋಲು ಕೊಡಲೇ ಎಂದೆ. ಬೇಡವೆಂದು ಮಾವ ಮರದ ಬುಡದಲ್ಲಿ ಕೂತು ಎಡಗೈಯಲ್ಲಿ ಮೊಳೆ ಹಿಡಿದು ಎಳೆ ಎಳೆಯಾಗಿ ಬಿಡಿಸತೊಡಗಿದ. ಅತ್ತೆ ಇನ್ನೊಂದು ತುದಿ ಹಿಡಿದು ಎದುರಿಗೆ ಕೂತಳು. ನಾನು ಡಬ್ಬಿಯಲ್ಲಿ ದೋಣಿಯ ನೀರು ಎತ್ತಿ ಚೆಲ್ಲುತ್ತಿದ್ದೆ.

ಹಲಗೆ ಸಿಕ್ಕು, ಬಡಗಿ ಬಂದು, ದೋಣಿ ನೀರಿಗಿಳಿಯಲು ತಿಂಗಳು ಹಿಡಿಯಿತು. ಅತ್ತೆ ಈಗಲೂ ಅದರಲ್ಲಿ ಕೂರುವುದಿಲ್ಲ. ಆದರೆ ಆ ಮನೆಗೆ ಹೋದಾಗ ನಾನು ಕೇಳುವ ಮಾತು ಬದಲಾಗಿದೆ. ಚಿಕ್ಕಂದಿನಿಂದ ಮಾವನನ್ನು ಸಮುದ್ರ ಹೇಗಿತ್ತು ಎಂದು ಕೇಳಿ ಕೇಳಿ ಬೆಳೆದವಳು ನಾನು. ಈಗ ಅತ್ತೆಯ ಪಕ್ಕ ಕೂತು, ಆ ವರ್ಷಗಳಲ್ಲಿ ಇಲ್ಲಿ ಏನೇನಾಯಿತು ಎಂದು ಕೇಳುತ್ತೇನೆ. ಮೊದಮೊದಲು "ಏನಿಲ್ಲ ಬಿಡು" ಎನ್ನುತ್ತಿದ್ದಳು. ಈಚೆಗೆ ಸ್ವಲ್ಪ ಸ್ವಲ್ಪ ಹೇಳುತ್ತಾಳೆ.