ಅಣ್ಣನ ಹೆಸರಿನಲ್ಲಿ ಓದಿದ ವರ್ಷ

ಐವತ್ತರ ದಶಕದ ಮಾತು. ಏಳನೆಯ ಇಯತ್ತೆ ಮುಗಿದದ್ದೇ ನನ್ನ ಶಾಲೆ ನಿಂತಿತು. ಚಿಕ್ಕೇರೂರಿನಲ್ಲಿ ನನ್ನ ವಾರಿಗೆಯ ಹುಡುಗಿಯರದೆಲ್ಲ ನಿಂತಿತ್ತು, ಹಾಗಾಗಿ ಅಳಲಿಕ್ಕಾದರೂ ಜೊತೆಯಿತ್ತು. ಅಣ್ಣ ಮಾತ್ರ ಹಂಸಭಾವಿಯಲ್ಲಿದ್ದುಕೊಂಡು ಹೈಸ್ಕೂಲು ಓದುತ್ತಿದ್ದ. ಶನಿವಾರ ಊರಿಗೆ ಬರುವಾಗ ಅಲ್ಲಿನ ವಾಚನಾಲಯದಿಂದ ಒಂದು ಪುಸ್ತಕ ತರುತ್ತಿದ್ದ. ತರುತ್ತಿದ್ದದ್ದು ನನ್ನ ಕಾಟಕ್ಕೆ. ಅವನಿಗೆ ಪುಸ್ತಕ ಕಂಡರೆ ಆಕಳಿಕೆ.

ಓದಿದ್ದನ್ನೆಲ್ಲ ಹಳೆಯ ಶಾಲೆಯ ವಹಿಯಲ್ಲಿ ಖಾಲಿ ಉಳಿದ ಹಾಳೆಗಳ ಮೇಲೆ ಬರೆದಿಡುತ್ತಿದ್ದೆ. ಪುಸ್ತಕದ ಹೆಸರು, ಅದರ ಮುಂದೆ ಎಲ್ಲಿ ಕೂತು ಓದಿದೆ ಎಂಬುದು. ‘ಮೆಣಸಿನಕಾಯಿ ತೊಟ್ಟು ಮುರಿಯುತ್ತ.’ ‘ಎಮ್ಮೆ ಕಾಯುತ್ತ. ಕೊನೆಯಲ್ಲಿ ಬಹಳ ಅತ್ತೆ.’ ಯುಗಾದಿಯಿಂದ ಯುಗಾದಿಗೆ ಹೀಗೇ ನಡೆಯಿತು. ಈಗ ಆ ಕಥೆಗಳೆಲ್ಲ ಮರೆತಿವೆ. ಮೆಣಸಿನಕಾಯಿಯ ಘಾಟು ಮಾತ್ರ ಮೂಗಿನಲ್ಲಿದೆ. ಎಂಥ ಸುಖದ ವರ್ಷ ಅದು!

ವರ್ಷದ ಕೊನೆಗೆ ವಾಚನಾಲಯದವರು, ಎಲ್ಲರಿಗಿಂತ ಹೆಚ್ಚು ಓದಿದವನೆಂದು ಅಣ್ಣನಿಗೆ ಹಾರ ಹಾಕಿ ಪೆನ್ನು ಕೊಟ್ಟರು. ಅಕ್ಷರ ಬಾರದ ಅಪ್ಪ ಓಣಿಯ ತುಂಬ ಹೇಳಿಕೊಂಡು ಬಂದ. ಅಣ್ಣ ಮುಖ ಸಣ್ಣದು ಮಾಡಿಕೊಂಡು ನನ್ನನ್ನು ಹಿತ್ತಲಿಗೆ ಕರೆದ.

“ಇನ್ನ ನಾ ಪುಸ್ತಕಾ ತರಂಗಿಲ್ಲ. ಯಾರರ ಕಥೀ ಹೇಳು ಅಂದ್ರ ಏನ್ ಹೇಳ್ಲಿ?”

ಹಾರ, ಪೆನ್ನು ಅವನೇ ಇಟ್ಟುಕೊಳ್ಳಲಿ, ಪುಸ್ತಕ ನಿಂತರೆ ನಾನೇನು ಮಾಡಲಿ? ಊಟಕ್ಕೆ ಕೂತ ಅಪ್ಪನ ಮುಂದೆ ವಹಿ ಇಟ್ಟು, “ಓದಿದಾಕಿ ನಾನಪ್ಪಾ” ಎಂದೆ. ಅಪ್ಪ ಅದನ್ನು ಅಣ್ಣನ ಕೈಯಲ್ಲಿ ಓದಿಸಿದ. ಎಮ್ಮೆಯ ಸಾಲು ಬಂದಾಗ ಅಪ್ಪನ ತುತ್ತು ಅಲ್ಲೇ ನಿಂತಿತು.

“ಹಂಗಾರ ಅವತ್ತ ಎಮ್ಮಿ ಮಂದಿ ಹೊಲಾ ಹೊಕ್ಕಿದ್ದು ಇದಕ್ಕೇನು?”

ಅವ್ವ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪ ನಗಲಿಲ್ಲ, ಬೈಯಲೂ ಇಲ್ಲ. ಉಂಡು ಕೈ ತೊಳೆದ.

ಮುಂದಿನ ಸಂತೆಯ ದಿನ ನನ್ನನ್ನೂ ಚಕ್ಕಡಿಯಲ್ಲಿ ಕೂರಿಸಿಕೊಂಡು ಹಂಸಭಾವಿಗೆ ಗಾಡಿ ಹೊಡೆದ. ವಾಚನಾಲಯದಲ್ಲಿ, “ಇಕೀ ಹೆಸರು ಬರ್ಕೋರಿ” ಎಂದ. ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವ ರೂಢಿ ಇಲ್ಲ ಎಂದರು ಅಲ್ಲಿಯ ಹಿರಿಯರು. ಅಪ್ಪ ಪುಸ್ತಕದ ಕಪಾಟಿನ ಕಡೆ ಒಮ್ಮೆ ನೋಡಿದ.

“ಹಂಗಾದ್ರ ನನ್ನ ಹೆಸರು ಬರ್ಕೋರಿ,” ಎಂದು ಎಡಗೈ ಹೆಬ್ಬೆರಳು ಮುಂದೆ ಮಾಡಿದ.

ಅವರಿಗೆ ನಗು ಬಂತು. “ನಿಮಗ ಓದಾಕ ಬರತೈತೇನ್ರಿ?”

“ನನಗ ಬರಂಗಿಲ್ರಿ. ನನ್ನ ಮಗಳಿಗೆ ಬರತೈತಿ.”

ಅವರು ಮಸಿಯ ಡಬ್ಬಿ ಮುಂದೆ ಸರಿಸಿದರು. ನಾನು ಕಪಾಟಿನ ಹತ್ತಿರ ಹೋದೆ. ಕಣ್ಣು ತುಂಬಿ ಬಂದು ಒಂದು ಪುಸ್ತಕದ ಹೆಸರೂ ಕಾಣಿಸಲಿಲ್ಲ.